ಹತ್ತು ಸಾವಿರ ಟಿಎಂಸಿ ಕಾವೇರಿ

ಕನ್ನಂಬಾಡಿ ಕಟ್ಟೆಯಿಂದ ಹತ್ತು ಸಾವಿರ ಟಿಎಂಸಿ ನೀರು ಬಿಟ್ಟ ಸುದ್ದಿ ಟಿವಿ ಪರದೆಯ ಕೆಳಗೆ ಓಡಿದ್ದನ್ನು ನೀವೂ ನೋಡಿರುತ್ತೀರಿ. ಮಂಡ್ಯದವರು ಹೆಮ್ಮೆಪಡಬೇಕು. 124.80 ಅಡಿ ಭರ್ತಿಯಾದರೂ ಕಟ್ಟೆಯಲ್ಲಿ ಹಿಡಿಯೋದು 49.45 ಟಿಎಂಸಿ. ಅಂದರೆ ಕಟ್ಟೆ ಇನ್ನೂರು ಸಲ ತುಂಬಿ ಇನ್ನೂರು ಸಲ ಬರಿದಾಗಿದೆ. ವಿಶ್ವೇಶ್ವರಯ್ಯನವರಿಗೇ ಇದು ಹೊಳೆದಿರಲಿಲ್ಲ.

ಕ್ಯೂಸೆಕ್ ಅನ್ನಬೇಕಿತ್ತು, ಟಿಎಂಸಿ ಅಂದರು. ಹೋಗಲಿ ಬಿಡಿ, ಬೇಕಾದವರು ಗೂಗಲ್ ಮಾಡಿಕೊಳ್ಳುತ್ತಾರೆ. 'ಬಾಯಿಪಾಠದ ಕಾಲ ಮುಗೀತು, ಎಲ್ಲ ಮೊಬೈಲಲ್ಲೇ ಇದೆ' ಅಂತ ಶಾಲಾ ವಾರ್ಷಿಕೋತ್ಸವಗಳಲ್ಲಿ ಮುಖ್ಯ ಅತಿಥಿಗಳು ಚೀಟಿ ನೋಡಿಕೊಂಡು ಹೇಳುತ್ತಲೇ ಇದ್ದಾರಲ್ಲ. ಎಲ್ಲ ಇದೆ, ನಿಜ. ಆದರೆ ಹುಡುಕೋದಕ್ಕೆ ಮೊದಲು ಅನುಮಾನ ಬರಬೇಕು. ತಲೆಯಲ್ಲಿ ಒಂದು ಅಂಕಿಯೂ ಇಲ್ಲದವನಿಗೆ ಎಲ್ಲಿಂದ ಬರುತ್ತೆ ಅನುಮಾನ?

ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್. ದಿನಕ್ಕೆ 86,400 ಸೆಕೆಂಡು. 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ನೂರು ಕೋಟಿ ಘನ ಅಡಿ, ಅದೇ ಒಂದು ಟಿಎಂಸಿ. ಇಷ್ಟು ಉರು ಹೊಡೆದಿದ್ದರೆ ಸಾಕು. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹತ್ತು ದಿನ 15,000 ಕ್ಯೂಸೆಕ್ ಬಿಡಿ ಅಂದಾಗ ಹೋಗಬೇಕಿದ್ದದ್ದು ಹತ್ತಿರ ಹತ್ತಿರ 13 ಟಿಎಂಸಿ. 2023ರ ಆಗಸ್ಟ್‌ನಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಹದಿನೈದು ದಿನ 5,000 ಅಂದಾಗ ಆರೂವರೆ. ನಾಲೆ ಬಯಲಿನ ಹಿರಿಯರು ಇದನ್ನು ಬೀಡಿ ಹಚ್ಚೋದರೊಳಗೆ ಹೇಳುತ್ತಾರೆ. ಸ್ಟುಡಿಯೋದಲ್ಲಿ ಕೋಟು ಹಾಕಿ ಕೂತವರು ಅರ್ಧ ಗಂಟೆ ಕಿರುಚಿದರೂ ಈ ಒಂದು ಗುಣಾಕಾರಕ್ಕೆ ಬರೋಲ್ಲ.

ಗುಣಾಕಾರ ಅಂದಾಗ ಮಗ್ಗಿ. ಹಿಂದೆ ಇಪ್ಪತ್ತರವರೆಗಿನ ಮಗ್ಗಿ ಅಲ್ಲದೆ ಕಾಲು, ಅರೆ, ಮುಕ್ಕಾಲು ಮಗ್ಗಿಗಳೂ ಇದ್ದವು. ಕೆಜಿಗೆ 48 ರೂಪಾಯಿ, ಮುಕ್ಕಾಲು ಕೆಜಿಗೆಷ್ಟು? ಅರ್ಧ 24, ಅದರರ್ಧ 12, ಸೇರಿಸಿದರೆ 36. ದೇವರಾಜ ಮಾರುಕಟ್ಟೆಯಲ್ಲಿ ಈಗ ಇಷ್ಟಕ್ಕೂ ಫೋನು ಹೊರಬರುತ್ತೆ. 480 ಒತ್ತಿಹೋಗಿ 360 ಬಂದರೆ ಅದನ್ನೇ ಕೇಳುತ್ತಾರೆ, ನಾವು ಅದನ್ನೇ ಸ್ಕ್ಯಾನ್ ಮಾಡಿ ಕೊಡುತ್ತೇವೆ.

ಬಾಯಿಪಾಠದ ಹೆಸರು ಕೆಡಿಸಿದವರು ಮೇಷ್ಟ್ರುಗಳೂ ಹೌದು. 'ಎರಡೊಂದ್ಲ ಎರಡು' ಅಂತ ರಾಗವಾಗಿ ಶುರು ಮಾಡಿದ ಮಗುವನ್ನು ಮಧ್ಯೆ ನಿಲ್ಲಿಸಿ 'ಏಳೆಂಟ್ಲ?' ಅನ್ನಿ, ಮತ್ತೆ ಏಳೊಂದ್ಲದಿಂದ ಹೊರಡುತ್ತೆ. ಅದಕ್ಕೆ ಬಂದಿರೋದು ರಾಗ. ಹಿಂದುಮುಂದು ಮಾಡಿ ಕೇಳಬೇಕು, ಪುಸ್ತಕ ಮುಚ್ಚಿಸಿ ಕೇಳಬೇಕು, ನಾಳೆ ಒಂದು ಸಲ, ನಾಲ್ಕು ದಿನ ಬಿಟ್ಟು ಇನ್ನೊಂದು ಸಲ. ತಡವರಿಸಿದರೆ ತಕ್ಷಣ ಉತ್ತರ ಹೇಳಿಕೊಡದೆ ಸ್ವಲ್ಪ ತಡೆದುಕೊಳ್ಳಬೇಕು. ಇಷ್ಟಕ್ಕೆ ಯಾರಿಗೂ ಪುರುಸೊತ್ತಿಲ್ಲ, ಅದಕ್ಕೇ ಸ್ಮಾರ್ಟ್ ಕ್ಲಾಸು.

ತಲೆಯಲ್ಲಿ ಅಂಕಿ ಇಲ್ಲದ ಈ ಕಾಲದಿಂದ ಮೈಸೂರಿನ ಸುತ್ತಮುತ್ತ ನಿಜಕ್ಕೂ ಉದ್ಧಾರ ಆದವರು ಜಮೀನು ಬ್ರೋಕರುಗಳು. ಗುಂಟೆ ಅಂದರೆ 33ಕ್ಕೆ 33 ಅಡಿ, 1,089 ಚದರಡಿ. ನಲವತ್ತು ಗುಂಟೆಗೆ ಎಕರೆ. 'ಹತ್ತು ಗುಂಟೆ ಅಂದ್ರೆ ರೌಂಡಾಗಿ ಹತ್ತು ಸಾವಿರ ಅಡಿ ಕಣಣ್ಣ, ಅಡಿ ಲೆಕ್ಕದಲ್ಲೇ ದುಡ್ಡು ಎಣಿಸಿಬಿಡ್ತೀನಿ' ಅಂತ ಜಮೀನು ಮಾರುವವನಿಗೆ ಹೇಳ್ತಾನೆ ಬ್ರೋಕರು. ರೌಂಡಾಗಿ ಕೇಳಿದ್ದಕ್ಕೆ ಅನುಮಾನ ಯಾಕೆ ಬರುತ್ತೆ? 890 ಅಡಿ ಹೋಯಿತು, ಒಂದು 20-30 ಸೈಟು, ಮೇಲೆ 290 ಅಡಿ. ಕೊಳ್ಳುವವರಿಗೆ ಇದೇ ಬಾಯಿ 'ಎಕರೆಗೆ ಮೂವತ್ತಾರು 30-40 ಸೈಟು ಬೀಳ್ತವೆ ಸಾರ್' ಅನ್ನುತ್ತೆ. 43,560ನ್ನು 1,200ರಿಂದ ಭಾಗಿಸಿದರೆ ಬೀಳುತ್ತವೆ, ರಸ್ತೆ, ಚರಂಡಿ, ಪಾರ್ಕು ಯಾವುದೂ ಬೇಡ ಅಂದರೆ. ಅವೆಲ್ಲ ಬಿಟ್ಟರೆ ಇಪ್ಪತ್ತರ ಆಸುಪಾಸು.

ಇದರಲ್ಲಿ ನಗೋದಕ್ಕೆ ಏನೂ ಇಲ್ಲ. ಅಪ್ಪ ಗದ್ದೆಯನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದ, ಮಗ ಬಿ.ಕಾಂ. ಓದಿದ್ದಾನೆ, ಜೇಬಲ್ಲಿ ಇಪ್ಪತ್ತು ಸಾವಿರದ ಫೋನಿದೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರಕ್ಕೆ ಹೆಬ್ಬೆಟ್ಟು ಒತ್ತುವವರೆಗೂ ಅದರಲ್ಲಿ ರೀಲ್ಸ್ ನೋಡುತ್ತಾ ಕೂತಿರುತ್ತಾನೆ.