ಕಡ್ಡಾಯದ ಕೂಗು, ಐಚ್ಛಿಕ ಸುಂಟರಗಾಳಿ

ಅಮೆರಿಕದ ಅನೇಕ ಎಫ್‌ಎಂ ಕೇಂದ್ರಗಳು ಡಿಜಿಟಲ್ ತಂತ್ರದ ಕೃಪೆಯಿಂದ ಒಂದೇ ತರಂಗಾಂತರದಲ್ಲಿ ಮುಖ್ಯ ವಾಹಿನಿಯ ಜೊತೆಗೆ ಎಚ್‌ಡಿ-2, ಎಚ್‌ಡಿ-3 ಎಂಬ ಉಪವಾಹಿನಿಗಳನ್ನೂ ಕಂಕುಳಲ್ಲಿ ಎತ್ತಿಕೊಂಡಿವೆ. ಇವನ್ನು ಕೇಳಲು ಬೇರೆಯೇ ರೇಡಿಯೊ ಬೇಕು. ಎಷ್ಟೋ ಕಡೆ ಇವಕ್ಕೆ ನಿರೂಪಕರೂ ಇಲ್ಲ. ಬೀಗ ಹಾಕಿದ ಕೋಣೆಯಲ್ಲಿ ಹಾರ್ಡ್‌ಡಿಸ್ಕೊಂದು ಹಗಲಿರುಳೂ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿರುತ್ತದೆ. ಕೋಣನ ಮುಂದೆ ಕಿನ್ನರಿ ಬಾರಿಸುವವನಿಗೆ ಎದುರಿಗೊಂದು ಕೋಣವಾದರೂ ಇರುತ್ತದೆ.

ಆ ಇದ್ದರೂ ಇರಬಹುದಾದ ಕೇಳುಗನು ಆಪತ್ಕಾಲದಲ್ಲಿ ಅನಾಥನಾಗಬಾರದೆಂದು ಅಲ್ಲಿನ ಪ್ರಸಾರ ನಿಯಂತ್ರಕವಾದ ಫೆಡರಲ್ ಸಂವಹನ ಆಯೋಗವು 2005ರಲ್ಲಿ ಮರುಗಿ, ಡಿಜಿಟಲ್ ರೇಡಿಯೊ ಕೇಂದ್ರಗಳು 2006ರ ಕೊನೆಯಿಂದ ತಮ್ಮ ಎಲ್ಲ ಧ್ವನಿವಾಹಿನಿಗಳಲ್ಲೂ ತುರ್ತು ಎಚ್ಚರಿಕೆಯನ್ನು ಬಿತ್ತರಿಸತಕ್ಕದ್ದೆಂದು ಆದೇಶಿಸಿತು. ಕರುಣೆಗೆ ಕೊರತೆಯಿಲ್ಲ. ಆದರೆ ಕಡ್ಡಾಯವಾದದ್ದು ಯಾವ ಎಚ್ಚರಿಕೆ ಎಂದು ಕೇಳಬೇಕು. ಇಡೀ ದೇಶಕ್ಕೆ ಅಧ್ಯಕ್ಷರು ನೀಡುವ ರಾಷ್ಟ್ರೀಯ ಎಚ್ಚರಿಕೆಯೊಂದು, ಅದಕ್ಕಾಗಿ ನಡೆಸುವ ಪರೀಕ್ಷೆಗಳು ಇನ್ನೊಂದು. ಈ ತುರ್ತು ಎಚ್ಚರಿಕೆ ವ್ಯವಸ್ಥೆ 1997ರಲ್ಲಿ ಶುರುವಾದಂದಿನಿಂದ ಆ ರಾಷ್ಟ್ರೀಯ ಎಚ್ಚರಿಕೆ ನಿಜವಾಗಿ ಒಮ್ಮೆಯೂ ಹೊರಟಿಲ್ಲ. 2001ರ ಸೆಪ್ಟೆಂಬರ್ 11ರಂದೂ ಹೊರಡಲಿಲ್ಲ. ಇನ್ನು ನೆರೆ, ಸುಂಟರಗಾಳಿ, ಕಾಳ್ಗಿಚ್ಚು ಮುಂತಾದ, ನಿಜಕ್ಕೂ ಬಂದೇ ಬರುವ ಅತಿಥಿಗಳ ವಿಚಾರ ಕೇಂದ್ರದ ಇಚ್ಛೆಗೆ ಬಿಟ್ಟದ್ದು. ಎಂದೂ ಬಾರದ ತೋಳಕ್ಕೆ ಕೂಗುವುದು ಕಡ್ಡಾಯ, ಹಟ್ಟಿಯೊಳಗೆ ನಿಂತಿರುವ ತೋಳಕ್ಕೆ ಐಚ್ಛಿಕ.

ಪರೀಕ್ಷೆಯ ಶ್ರದ್ಧೆಯನ್ನು ಮಾತ್ರ ಮೆಚ್ಚಲೇಬೇಕು. ವಾರಕ್ಕೊಮ್ಮೆ, ಹಾಡು ಚರಣದ ನಡುವಿರುವಾಗ, ಕೇಂದ್ರದ ಎಚ್ಚರಿಕೆ ಪೆಟ್ಟಿಗೆಯೊಂದು ಹಳೆಯ ಫ್ಯಾಕ್ಸ್ ಯಂತ್ರದ ಹಾಗೆ ಮೂರು ಸಲ ಗಂಟಲು ಕೆರೆಯುತ್ತದೆ, ಒಂದಿಷ್ಟು ಸುಮ್ಮನಿದ್ದು ಮತ್ತೆ ಮೂರು ಸಲ ಕೆರೆಯುತ್ತದೆ; ಹಾಡು ಮುಂದುವರಿಯುತ್ತದೆ. ಇದು ಪರೀಕ್ಷೆ ಎಂದು ಮನುಷ್ಯರ ಭಾಷೆಯಲ್ಲಿ ಹೇಳಬೇಕೆಂಬ ನಿರ್ಬಂಧವಿಲ್ಲ, ಏಕೆಂದರೆ ಇದು ಯಂತ್ರಗಳ ಖಾಸಗಿ ಸಂಭಾಷಣೆ. ಇನ್ನು ಡಿಜಿಟಲ್ ಸಂಕೇತ ಕುಂದಿದರೆ ಮುಖ್ಯ ವಾಹಿನಿಯು ಹಳೆಯ ಅನಲಾಗ್ ಪ್ರಸಾರಕ್ಕೆ ಜಾರಿ ಜೀವ ಉಳಿಸಿಕೊಳ್ಳುತ್ತದೆ. ಆ ಆಸರೆಯಿಲ್ಲದ ಉಪವಾಹಿನಿ, ಎಚ್ಚರಿಕೆಯ ಸಮೇತ, ತಟಕ್ಕನೆ ಮೂಕವಾಗುತ್ತದೆ.

2002ರ ಜನವರಿ 18ರ ಅಪರಾತ್ರಿ ನಾರ್ತ್ ಡಕೋಟಾದ ಮೈನಾಟ್ ಬಳಿ ಸರಕು ರೈಲು ಹಳಿ ತಪ್ಪಿ, ಅಮೋನಿಯಾ ಮೋಡ ಊರನ್ನು ಕವಿದು ಒಬ್ಬರು ಸತ್ತರು. ಅಂದು ಈ ವ್ಯವಸ್ಥೆ ಮೊಳಗಲಿಲ್ಲ. ತಪ್ಪು ಪೊಲೀಸರದೋ ರೇಡಿಯೊ ಕೇಂದ್ರದವರದೋ ಎಂಬ ವಾದ ಮಾತ್ರ ಬಹುಕಾಲ ಮೊಳಗಿತು. ಅದಾದ ಮೇಲೂ ಸ್ಥಳೀಯ ಎಚ್ಚರಿಕೆ ಐಚ್ಛಿಕವಾಗಿಯೇ ಉಳಿದಿದೆ.

ಆದ್ದರಿಂದ ಊರಿನ ಮೇಲೆ ಸುಂಟರಗಾಳಿ ಹಾಯ್ದು ಹೋಗುವಾಗ ಎಚ್‌ಡಿ-2 ಎರಡನೆಯ ಚರಣ ಹಾಡುತ್ತಿದ್ದರೆ ಯಾವ ರಾಷ್ಟ್ರೀಯ ನಿಯಮವೂ ಮುರಿದಂತಾಗುವುದಿಲ್ಲ. ಮರುವಾರದ ಪರೀಕ್ಷೆ ತಪ್ಪದೆ ನಡೆಯುತ್ತದೆ, ಮತ್ತು ದಾಖಲೆ ಪುಸ್ತಕದಲ್ಲಿ ಅದರ ಎದುರಿಗೆ ಮುಖ್ಯ ನಿರ್ವಾಹಕರ ಸಹಿ ಬೀಳುತ್ತದೆ.