ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯಬೇಡ ಅಂದರೆ ಏನು ಮಾಡಬೇಕು ಸ್ವಾಮಿ?

ಇವತ್ತು ಸಂಜೆ ಒಬ್ಬ ಕಟಿಂಗ್ ಮಾಸ್ಟರ್ ಆಫೀಸಿಗೆ ಬಂದಿದ್ದ. ಕೌಲ್ ಬಜಾರ್ ಕಡೆಯ ಹುಡುಗ. ಸ್ವಂತ ಜೀನ್ಸ್ ಯೂನಿಟ್ ಹಾಕುತ್ತಾನಂತೆ, ಜಿಎಸ್‌ಟಿ ನಂಬರ್ ಮಾಡಿಸಿಕೊಡಿ ಸಾರ್ ಅಂದ. ಖುಷಿಯಾಯಿತು. ಆಮೇಲೆ ಜೇಬಿನಿಂದ, ಹಳೇ ಮಾಲೀಕರು ಬರೆಸಿಕೊಂಡಿದ್ದ ಒಂದು ಬಾಂಡ್ ಪೇಪರ್ ಜೆರಾಕ್ಸ್ ತೆಗೆದ ನೋಡಿ, ಪಿತ್ತ ನೆತ್ತಿಗೇರಿತು.

ಕೆಲಸ ಬಿಟ್ಟ ಮೇಲೆ 5 ವರ್ಷ ಬಳ್ಳಾರಿ ಜಿಲ್ಲೆಯಲ್ಲಿ ಜೀನ್ಸ್ ಕೆಲಸ ಮಾಡಬಾರದಂತೆ. ಮಾಲೀಕರ ಗಿರಾಕಿ, ಟೈಲರ್, ವಾಷಿಂಗ್ ಯೂನಿಟ್ ಯಾರ ಹತ್ತಿರವೂ ವ್ಯವಹಾರ ಮಾಡಬಾರದಂತೆ. ತಪ್ಪಿದರೆ 10 ಲಕ್ಷ. ಗ್ಯಾರಂಟಿಗೆ ಒಂದು ಖಾಲಿ ಚೆಕ್ ಬೇರೆ! ಅವನಿಗೆ ಗೊತ್ತಿರುವುದು ಒಂದೇ ಕೆಲಸ. ಹೋಗಿ ಸಂಡೂರಿನಲ್ಲಿ ಅದಿರು ಹೊರಬೇಕಾ?

1872ರ ಇಂಡಿಯನ್ ಕಾಂಟ್ರಾಕ್ಟ್ ಆ್ಯಕ್ಟ್, ಸೆಕ್ಷನ್ 27. ನ್ಯಾಯವಾದ ಕಸುಬು, ವ್ಯಾಪಾರ ಮಾಡದಂತೆ ತಡೆಯುವ ಒಪ್ಪಂದ ಅಷ್ಟರ ಮಟ್ಟಿಗೆ ಊರ್ಜಿತವಲ್ಲ. ಆ ಸೆಕ್ಷನ್‌ನಲ್ಲಿ ಇರುವ ವಿನಾಯಿತಿ ಇಷ್ಟೇ: ಗುಡ್‌ವಿಲ್, ಅಂದರೆ ವ್ಯಾಪಾರದ ಹೆಸರು-ನಂಬಿಕೆ, ಮಾರಿದವನನ್ನು ಹಾಗೆ ತಡೆಯಬಹುದು. ಈ ಹುಡುಗ ಏನು ಮಾರಿದ್ದಾನೆ, ಕತ್ತರಿಯಾ? ಕೆಲಸದಲ್ಲಿರುವಾಗ ಬೇರೆ ಕಡೆ ಮಾಡಬೇಡ ಅನ್ನಿ, ಸರಿ. ಬಿಟ್ಟ ಮೇಲೂ ಅನ್ನುವುದು ನಡೆಯಲ್ಲ. ಕ್ರಿಕೆಟಿಗ ಜಹೀರ್ ಖಾನ್ ವಿರುದ್ಧ ಅವರ ಹಳೇ ಏಜೆಂಟ್ ಕಂಪನಿ ಹೋದಾಗ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದ್ದು ಇದನ್ನೇ. ಒಪ್ಪಂದ ಮುಗಿದ ಮೇಲೆ ಹಗ್ಗ ಹಿಡಿದುಕೊಂಡಿರುವ ಹಾಗಿಲ್ಲ.

ಮಾಲೀಕರಿಗೆ ಫೋನ್ ಮಾಡಿದೆ. ಅವರೂ ಪರಿಚಯದವರೇ. "ಏನ್ರೀ, 2025ರಾಗ ಸುಪ್ರೀಂ ಕೋರ್ಟ್ ಬಾಂಡ್ ಸರಿ ಅಂದೈತಲ್ಲ" ಅಂದರು. ವಾಟ್ಸ್ಆ್ಯಪ್ ವಕೀಲರು! ಅದು ವಿಜಯಾ ಬ್ಯಾಂಕ್ ಕೇಸು. 3 ವರ್ಷ ಮುಗಿಯುವ ಮೊದಲೇ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತನ್ನು ಕೋರ್ಟ್ ಒಪ್ಪಿತು, ನಿಜ. ಆದರೆ ಆ ಅಧಿಕಾರಿ ಬಿಟ್ಟು ಸೇರಿದ್ದು ಇನ್ನೊಂದು ಬ್ಯಾಂಕಿಗೇ. ಬ್ಯಾಂಕ್ ಕೆಲಸವನ್ನೇ ಮಾಡಬೇಡ ಅಂತ ಅವನಿಗೆ ಯಾರೂ ಹೇಳಲಿಲ್ಲ.

ಕೆಲಸ ಕಲಿಸಿದ್ದು ನಾವು, ಗಿರಾಕಿ ತೋರಿಸಿದ್ದು ನಾವು ಅಂತೀರಿ. ಆಯಿತು. ಸಂಬಳ ಕೊಟ್ಟಿರಿ, ದುಡಿಸಿಕೊಂಡಿರಿ, ಲೆಕ್ಕ ಚುಕ್ತಾ. ಪ್ಯಾಟರ್ನ್ ಕದ್ದರೆ, ರೇಟ್ ಪಟ್ಟಿ ಹೊತ್ತುಕೊಂಡು ಹೋದರೆ ಕೇಸು ಹಾಕಿ, ಅದಕ್ಕೆ ದಾರಿ ಬೇರೆ ಇದೆ. ಗಿರಾಕಿಗಳನ್ನು ಸೆಳೆಯಬೇಡ ಅನ್ನುವ ಷರತ್ತನ್ನು ಕೆಲವು ಕೋರ್ಟುಗಳು ಒಪ್ಪಿದ್ದೂ ಇದೆ. ಅದಕ್ಕೇ ಹುಡುಗನಿಗೆ ಹೇಳಿದೆ: ಅಲ್ಲಿಂದ ಒಂದು ಚೀಟಿಯನ್ನೂ ತರಬೇಡ, ನೀನಾಗಿ ಅವರ ಗಿರಾಕಿಗೆ ಫೋನ್ ಮಾಡಬೇಡ.

ಹೊಟ್ಟೆ ಉರಿಯಲ್ವಾ ಅಂದರೆ, ಉರಿಯುತ್ತೆ. ನನ್ನ ಹತ್ತಿರ ಟ್ಯಾಲಿ ಕಲಿತ ಹುಡುಗ ಪಕ್ಕದ ರಸ್ತೆಯಲ್ಲೇ ಬೋರ್ಡ್ ಹಾಕಿದಾಗ ಒಂದು ವಾರ ನಾನು ಆ ರಸ್ತೆಯಲ್ಲಿ ಹೋಗಲಿಲ್ಲ. ಹಾಗಂತ ಅವನ ಅನ್ನಕ್ಕೆ ಕಲ್ಲು ಹಾಕೋದಾ? ಈ ಮಾಲೀಕರೂ ಇನ್ನೊಬ್ಬರ ಯೂನಿಟ್‌ನಲ್ಲಿ ದುಡಿದು ಎದ್ದು ಬಂದವರೇ. ಆವಾಗ ಯಾವ ಬಾಂಡ್ ಬರೆದುಕೊಟ್ಟಿದ್ದರು, ಕೇಳಬೇಕಿತ್ತು.

ಇಂಥ ಪೇಪರ್ ಕೋರ್ಟಿಗೆ ಹೋಗುವುದೇ ಕಡಿಮೆ. ಬರೆಸಿಕೊಳ್ಳುವುದೇ ಹೆದರಿಸಲಿಕ್ಕೆ. ಸೆಕ್ಷನ್ 27 ಅಂತ ಎಷ್ಟು ಹೇಳಿದರೂ ಹುಡುಗನ ಕಣ್ಣು ಆ 10 ಲಕ್ಷದ ಮೇಲೇ ಇತ್ತು. ಮೊದಲು ಆ ಚೆಕ್ ವಾಪಸ್ ಕೇಳಿ ವಕೀಲರಿಂದ ನೋಟಿಸ್ ಕಳಿಸು ಅಂದೆ, ತಲೆ ಆಡಿಸಿದ. ಯೂನಿಟ್ ಯಾರ ಹೆಸರಲ್ಲಿ ಅಂತ ಕೇಳಿದರೆ, ದನಿ ತಗ್ಗಿಸಿ "ಹೆಂಡತಿ ಹೆಸರಲ್ಲಿ ಮಾಡಿ ಸಾರ್" ಅಂತಾನೆ. ನಾಳೆ ನಿನ್ನ ಆಧಾರ್ ಕಾರ್ಡ್ ತಗೊಂಡು ಬಾ ಅಂತ ಬೈದು ಕಳಿಸಿದ್ದೇನೆ.