ಸ್ಟೇರಿಂಗ್ ತಿರುಗಿಸಿದಾಗ ಸದ್ದು ಬರ್ತಿದೆಯಾ? ಪಾರ್ಟ್ಸ್ ಬದಲಿಸುವ ಮೊದಲು ಇಷ್ಟು ನೋಡಿ

"ತಿರುಗಿಸುವಾಗ ಸಸ್ಪೆನ್ಷನ್ ಸೌಂಡ್ ಬರ್ತಿದೆ, ನೋಡಿ" ಅಂತ ಕಾರನ್ನು ಗ್ಯಾರೇಜಿಗೆ ಬಿಟ್ಟು ಬರುವವರೇ ಜಾಸ್ತಿ. ಸಂಜೆ ಫೋನ್ ಬರುತ್ತದೆ. ಶಾಕ್ ಅಬ್ಸಾರ್ಬರ್ ಹೋಗಿದೆ, ಲೋಯರ್ ಆರ್ಮ್ ಹೋಗಿದೆ, ಹೇಗೂ ಬಿಚ್ಚಿದ್ದೀವಲ್ಲ, ಲಿಂಕ್ ರಾಡೂ ಹಾಕಿಬಿಡೋಣ. ಎಲ್ಲ ಹೊಸದಾಗುತ್ತದೆ, ಸದ್ದು ಮಾತ್ರ ಹಳೆಯದೇ ಇರುತ್ತದೆ! ಹೀಗೆ ಊಹೆಯ ಮೇಲೆ ಪಾರ್ಟ್ಸ್ ಬದಲಿಸುವುದನ್ನು ರಿಪೇರಿ ಅಂತ ಒಪ್ಪಿಕೊಳ್ಳಲು ನನಗೆ ಆಗುವುದಿಲ್ಲ. ಸದ್ದು ಯಾವಾಗ ಬರುತ್ತದೆ, ಹೇಗೆ ಬರುತ್ತದೆ ಅಂತ ಸರಿಯಾಗಿ ಹೇಳಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಎಲ್ಲಕ್ಕಿಂತ ಮೊದಲು, ನಿಂತಲ್ಲೇ ಸದ್ದು ಬರುತ್ತಾ ನೋಡಿ. ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಚಾಲೂ ಇಟ್ಟು, ಸ್ಟೇರಿಂಗನ್ನು ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಆಗಲೂ ಸದ್ದು ಬಂದರೆ ಆಕ್ಸಲ್ ಜಾಯಿಂಟ್, ವೀಲ್ ಬೇರಿಂಗ್ ಎರಡನ್ನೂ ಪಕ್ಕಕ್ಕಿಡಬಹುದು. ಚಕ್ರವೇ ಉರುಳದಿದ್ದಾಗ ಅವೆಲ್ಲಿಂದ ಸದ್ದು ಮಾಡುತ್ತವೆ? ಉಳಿಯುವುದು ಸ್ಟ್ರಟ್‌ನ (ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಎರಡೂ ಸೇರಿದ ಕಂಬ) ಮೇಲ್ತುದಿಯನ್ನು ಕಾರಿನ ಮೈಗೆ ಹಿಡಿಯುವ ಮೌಂಟ್, ಚಕ್ರದ ಬುಡವನ್ನು ಲೋಯರ್ ಆರ್ಮ್‌ಗೆ ಸೇರಿಸುವ ಬಾಲ್ ಜಾಯಿಂಟ್, ಚಕ್ರವನ್ನು ತಿರುಗಿಸುವ ಟೈ ರಾಡ್ ಮತ್ತು ಸ್ಟೇರಿಂಗ್‌ನ ಭಾಗಗಳು. (ನುಣುಪಾದ ಪಾರ್ಕಿಂಗ್ ನೆಲದ ಮೇಲೆ ಕೀಂಯ್ ಅನ್ನುವುದು ಬರೀ ಟೈರ್. ಅದಕ್ಕೆ ಹೆದರಬೇಡಿ.)

ಇದರಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಸ್ಟ್ರಟ್ ಮೌಂಟ್ ಮೇಲೆ. ಇವತ್ತಿನ ಬಹುಪಾಲು ಸಣ್ಣ ಕಾರುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಅನ್ನುವ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ವ್ಯವಸ್ಥೆ ಅದು. ಇದರಲ್ಲಿ ಸ್ಟೇರಿಂಗ್ ತಿರುಗಿದಂತೆ ಸ್ಪ್ರಿಂಗ್ ಸಮೇತ ಇಡೀ ಸ್ಟ್ರಟ್ ತಿರುಗುತ್ತದೆ. ಅದಕ್ಕಾಗಿಯೇ ಮೇಲ್ಗಡೆ ಒಂದು ಬೇರಿಂಗ್ ಇದೆ. ಧೂಳು, ನೀರು ಸೇರಿ ಆ ಬೇರಿಂಗ್ ಬಿಗಿದುಕೊಂಡರೆ ಸ್ಪ್ರಿಂಗ್ ಸರಾಗವಾಗಿ ತಿರುಗುವುದಿಲ್ಲ. ತಡೆದು ತಡೆದು, ಒಮ್ಮೆಲೇ 'ಟಂಗ್' ಅಂತ ಜಾರುತ್ತದೆ. ತಂಬೂರಿಯ ತಂತಿ ಎಳೆದು ಬಿಟ್ಟ ಹಾಗೆ. ಕೆಲವು ಸಲ ತಿರುವು ಮುಗಿದ ಮೇಲೂ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಪತ್ತೆ ಮಾಡುವುದು ಸುಲಭ. ಒಬ್ಬರು ಸ್ಟೇರಿಂಗ್ ತಿರುಗಿಸಲಿ, ಇನ್ನೊಬ್ಬರು ಸ್ಪ್ರಿಂಗ್‌ನ ಹೊರಮೈಗೆ ಅಂಗೈ ತಾಗಿಸಿರಲಿ. ಸುರುಳಿಗಳ ನಡುವೆ ಬೆರಳು ಹಾಕಬೇಡಿ. ಸ್ಪ್ರಿಂಗ್ ತಡೆದು ಜಿಗಿಯುವುದು ಕೈಗೇ ಗೊತ್ತಾಗುತ್ತದೆ. ಆದರೆ ಬಿಚ್ಚುವ ಸಾಹಸ ಮನೆಯಲ್ಲಿ ಬೇಡ. ಸ್ಪ್ರಿಂಗ್ ಕಂಪ್ರೆಸರ್ ಅನ್ನುವ ಸಾಧನದಿಂದ ಸ್ಪ್ರಿಂಗನ್ನು ಒತ್ತಿ ಹಿಡಿಯದೆ ಸ್ಟ್ರಟ್‌ನ ನಡುವಿನ ನಟ್ ಸಡಿಲಿಸಿದರೆ ಸ್ಪ್ರಿಂಗ್ ಸಿಡಿದು ಜೀವಕ್ಕೇ ಅಪಾಯ.

ಕಾರು ಚಲಿಸುವಾಗ ಮಾತ್ರ ಸದ್ದು ಬಂದರೆ ಕಥೆ ಬೇರೆ. ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ವೃತ್ತಾಕಾರದಲ್ಲಿ ಓಡಿಸಿ. 'ಟಕ್ ಟಕ್ ಟಕ್' ಅಂತ ಬಂದು, ವೇಗ ಹೆಚ್ಚಿದಂತೆ ಅದೂ ಚುರುಕಾದರೆ ಅದು ಆಕ್ಸಲ್‌ನ ಹೊರಗಿನ, ಅಂದರೆ ಚಕ್ರದ ಬದಿಯ ಸಿವಿ ಜಾಯಿಂಟ್ (ಮೇಲೆ ಹೇಳಿದ ಆಕ್ಸಲ್ ಜಾಯಿಂಟ್ ಇದೇ). ಬಗ್ಗಿ ಚಕ್ರದ ಒಳಬದಿ ನೋಡಿ. ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಹರಿದು ಸುತ್ತಲೂ ಗ್ರೀಸ್ ಎರಚಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಬೂಟ್ ಈಗಷ್ಟೇ ಹರಿದು, ಸದ್ದು ಇನ್ನೂ ಶುರುವಾಗಿಲ್ಲವಾದರೆ ಜಾಯಿಂಟ್ ತೊಳೆದು, ಹೊಸ ಗ್ರೀಸ್ ತುಂಬಿ, ಬೂಟ್ ಮಾತ್ರ ಬದಲಿಸಿದರೆ ಸಾಕು. ಸದ್ದು ಶುರುವಾಗಿದ್ದರೆ ಒಳಗಿನ ಉಕ್ಕಿನ ಗುಂಡುಗಳ ದಾರಿ ಆಗಲೇ ಸವೆದಿರುತ್ತದೆ, ಗ್ರೀಸ್ ಏನೂ ಮಾಡಲಾರದು.

ಗುಂಯ್‌ಗುಡುವ ಸದ್ದಾದರೆ ವೀಲ್ ಬೇರಿಂಗ್ ನೋಡಿ. ಎಡಕ್ಕೆ ತಿರುಗುವಾಗ ಭಾರ ಬಲಗಡೆ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಅನುಮಾನ ಬಲಗಡೆಯದರ ಮೇಲೆ.

ಇನ್ನು 'ಡಬ್' ಅನ್ನುವ ಸದ್ದು. ಹಂಪ್ ಅನ್ನು ನೇರವಾಗಿ ದಾಟುವಾಗ ಸುಮ್ಮನಿದ್ದು, ಓರೆಯಾಗಿ ಒಂದೇ ಚಕ್ರ ಹತ್ತಿದಾಗ ಸದ್ದು ಬಂದರೆ ಸ್ಟೆಬಿಲೈಸರ್ ಬಾರ್‌ನ (ಎಡ ಬಲ ಚಕ್ರಗಳ ಸಸ್ಪೆನ್ಷನ್ ಜೋಡಿಸಿ, ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸಲಾಕೆ) ಬುಷ್, ಅಂದರೆ ಅದನ್ನು ಹಿಡಿದಿರುವ ರಬ್ಬರ್, ಅಥವಾ ಅದರ ತುದಿಯ ಲಿಂಕ್ ರಾಡ್. ಎರಡು ಚಕ್ರ ಒಟ್ಟಿಗೆ ಏರಿದರೆ ಬಾರ್ ತಿರುಚುವುದೇ ಇಲ್ಲ, ಹಾಗಾಗಿ ಆಗ ಸದ್ದಿಲ್ಲ. ಇದು ಕಿರಿಕಿರಿಯೇ ಹೊರತು ತಕ್ಷಣದ ಅಪಾಯ ಕಡಿಮೆ. ಬಾಲ್ ಜಾಯಿಂಟ್ ಹಾಗಲ್ಲ. ಅದು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ, ಸ್ಟೇರಿಂಗ್ ಇದ್ದೂ ಇಲ್ಲದಂತೆ. ಕಾರನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ, ಅಂದರೆ ಸಡಿಲ ಅಲುಗಾಟ, ಇದ್ದರೆ ಒಬ್ಬರು ಬ್ರೇಕ್ ಒತ್ತಲಿ. ಆಗ ಪ್ಲೇ ಹೋದರೆ ಬೇರಿಂಗ್, ಹೋಗದಿದ್ದರೆ ಬಾಲ್ ಜಾಯಿಂಟ್ ಮೇಲೆ ಅನುಮಾನ. ಎಡ ಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್ ಕಡೆ ನೋಡಿ. ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಸವೆದಿದ್ದರೆ 'ಮುಂದಿನ ತಿಂಗಳು ನೋಡೋಣ' ಅನ್ನುವ ಮಾತೇ ಬೇಡ.

ಆಯಿಲ್ ಸ್ಪ್ರೇ ಹೊಡೆದು ಸದ್ದು ನಿಲ್ಲಿಸುವ ಉಪಾಯ ನನಗೆ ಇಷ್ಟವಿಲ್ಲ. ಸವೆದದ್ದು ಸವೆದೇ ಇರುತ್ತದೆ, ಗೊತ್ತಾಗುವುದು ತಡವಾಗುತ್ತದೆ ಅಷ್ಟೆ. ಕೆಲವು ಎಣ್ಣೆಗಳಿಂದ ಬುಷ್‌ನ ರಬ್ಬರ್ ಕೂಡ ಹಾಳಾಗುತ್ತದೆ.

ಮೆಕ್ಯಾನಿಕ್ ಪಾರ್ಟ್ ಹೋಗಿದೆ ಅಂದರೆ "ಪ್ಲೇ ಎಲ್ಲಿದೆ, ತೋರಿಸಿ" ಅನ್ನಿ. ಒಳ್ಳೆಯ ಮೆಕ್ಯಾನಿಕ್ ಖುಷಿಯಿಂದಲೇ ತೋರಿಸುತ್ತಾರೆ. ಲೋಯರ್ ಆರ್ಮ್ (ಚಕ್ರದ ಬುಡವನ್ನು ಕಾರಿನ ಮೈಗೆ ಸೇರಿಸುವ ತೋಳು) ಹಾಕಿಸುವುದಾದರೆ ಇನ್ನೊಂದು ವಿಷಯ ಕೇಳಿ. ಸಾಮಾನ್ಯ ರಬ್ಬರ್ ಬುಷ್‌ನ ಬೋಲ್ಟನ್ನು ಕೊನೆಯ ಬಿಗಿ ಮಾಡಬೇಕಾದ್ದು ಕಾರಿನ ಭಾರ ಚಕ್ರದ ಮೇಲೆ ಕೂತಿರುವಾಗ. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೆ, ಕಾರು ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಹೊಸ ಬುಷ್ ಬೇಗ ಹರಿಯುತ್ತದೆ. ಟೈ ರಾಡ್ ಎಂಡ್ ಬಿಚ್ಚಿ ಹೊಸದು ಹಾಕಿದ್ದರಂತೂ ವೀಲ್ ಅಲೈನ್‌ಮೆಂಟ್ ಮಾಡಿಸದೆ ಕಾರನ್ನು ಮನೆಗೆ ತರಬೇಡಿ.